ಎತ್ತರಿಸಿದ ಜೀಪಿನ ಸ್ಟೀರಿಂಗ್ ಅಲೆದಾಟ: ಕಾರಣ, ಪರೀಕ್ಷೆ ಮತ್ತು ಪರಿಹಾರ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಜೀಪು ಇಂದಿಗೂ ಕೆಲಸಕ್ಕೆ ಬರುವ ವಾಹನವೇ ಆಗಿದೆ. ಬಂಡೆಗಳ ನಡುವೆ ಸಾಗುವ ತೋಟದ ದಾರಿ, ಮಳೆಗಾಲದಲ್ಲಿ ಕೊರಕಲು ಬೀಳುವ ಬಂಡಿಜಾಡು, ಅರ್ಕಾವತಿ ದಂಡೆಯ ಮರಳು ಇವುಗಳಿಗೆ ನಾಲ್ಕು ಚಕ್ರಗಳಿಗೂ ಬಲ ನೀಡುವ ವಾಹನ ಅನುಕೂಲ. ತಳ ಕಲ್ಲಿಗೆ ತಾಗದಿರಲೆಂದು ಅನೇಕ ಮಾಲೀಕರು ಜೀಪನ್ನು ಎತ್ತರಿಸಿ, ದೊಡ್ಡ ಟೈರುಗಳನ್ನು ಅಳವಡಿಸಿಕೊಳ್ಳುತ್ತಾರೆ. ಕಾಡುದಾರಿಯಲ್ಲಿ ಚೆನ್ನಾಗಿಯೇ ನಡೆಯುವ ಅಂಥ ವಾಹನ ಡಾಂಬರು ರಸ್ತೆಗೆ ಬಂದು ಗಂಟೆಗೆ 60 ಕಿ.ಮೀ. ದಾಟಿದೊಡನೆ ಎಡಕ್ಕೂ ಬಲಕ್ಕೂ ಅಲೆಯತೊಡಗುತ್ತದೆ. ಚಾಲಕ ಕ್ಷಣಕ್ಷಣಕ್ಕೂ ಚಕ್ರವನ್ನು ತಿದ್ದುತ್ತಲೇ ಇರಬೇಕಾಗುತ್ತದೆ.

ಇದು ಕೇವಲ ಕಿರಿಕಿರಿಯ ವಿಷಯವಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ರಾಮನಗರ ಮತ್ತು ಚನ್ನಪಟ್ಟಣಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ಕನಕಪುರದ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 948ರಲ್ಲಿಯೂ ವಾಹನಗಳ ವೇಗ ಕಡಿಮೆಯೇನಲ್ಲ. ಪಕ್ಕದಲ್ಲಿ ಬಸ್ಸು ಹಾದುಹೋದಾಗ ಬೀಸುವ ಗಾಳಿಗೆ ಒಂದು ಅಡಿ ಪಕ್ಕಕ್ಕೆ ಸರಿಯುವ ಜೀಪು ಅದರೊಳಗಿನವರಿಗೂ ಅಪಾಯ, ರಸ್ತೆಯಲ್ಲಿರುವ ಇತರರಿಗೂ ಅಪಾಯ. ಆದ್ದರಿಂದ ದೋಷದ ಮೂಲವನ್ನು ಕ್ರಮವಾಗಿ ಹುಡುಕುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ದೋಷವನ್ನು ಗುರುತಿಸಿ

ಸ್ಟೀರಿಂಗಿನ ತೊಂದರೆಗಳು ಮೂರು ಬಗೆ. ವಾಹನ ಸದಾ ಒಂದೇ ಕಡೆಗೆ ಸೆಳೆದರೆ ಟೈರಿನ ಹವೆ, ಬ್ರೇಕ್ ಹಿಡಿತ ಅಥವಾ ಎರಡು ಬದಿಯ ಕೋನಗಳ ವ್ಯತ್ಯಾಸ ಕಾರಣ. ನಿರ್ದಿಷ್ಟ ವೇಗದಲ್ಲಿ ಅಥವಾ ಗುಂಡಿಗೆ ಬಿದ್ದಾಗ ಮುಂದಿನ ಚಕ್ರಗಳು ಗಡಗಡನೆ ನಡುಗಿದರೆ ಕಿಂಗ್‌ಪಿನ್ ಬೇರಿಂಗ್, ಸವೆದ ಬುಷ್ ಅಥವಾ ಚಕ್ರದ ತೂಕದ ಸಮತೋಲನ ಕಾರಣವಿರಬಹುದು. ಸೆಳೆತವೂ ಇಲ್ಲದೆ, ನಡುಕವೂ ಇಲ್ಲದೆ, ವಾಹನಕ್ಕೆ ದಿಕ್ಕೇ ಇಲ್ಲವೆಂಬಂತೆ ತೇಲಿದರೆ ಅದು ಅಲೆದಾಟ. ಎತ್ತರಿಸಿದ ಜೀಪುಗಳಲ್ಲಿ ಹೆಚ್ಚಾಗಿ ಕಂಡುಬರುವುದು ಈ ಮೂರನೆಯದು.

ಹಣ ಖರ್ಚಾಗದ ಪರೀಕ್ಷೆಗಳು

ಮೊದಲ ಕೆಲಸ ಟೈರಿನ ಹವೆ. ಮರಳಿಗೆ, ಕೆಸರಿಗೆ ಇಳಿಯುವಾಗ ಹವೆ ಇಳಿಸಿ, ರಸ್ತೆಗೆ ಬಂದ ಮೇಲೆ ತುಂಬಿಸಲು ಮರೆಯುವುದು ಸಾಮಾನ್ಯ. ನಾಲ್ಕೂ ಟೈರುಗಳು ತಣ್ಣಗಿರುವಾಗ ಹವೆ ಅಳೆದು, ಮುಂದಿನ ಎರಡರಲ್ಲಿ ಸಮನಾಗಿರುವಂತೆ ನೋಡಿಕೊಳ್ಳಬೇಕು. ಮುಂದೆ ನೈಲಾನ್ ಟೈರು, ಹಿಂದೆ ರೇಡಿಯಲ್ ಟೈರು ಎಂಬ ಬೆರಕೆ ಇದ್ದರೆ ಬೇರೆ ಯಾವ ದುರಸ್ತಿಯೂ ಪೂರ್ಣ ಫಲ ಕೊಡದು. ಒಣ ಡಾಂಬರಿನಲ್ಲಿ ಫೋರ್ ವೀಲ್ ಗೇರ್ ಹಾಕಿಕೊಂಡೇ ಓಡಿಸುತ್ತಿದ್ದರೆ ಸ್ಟೀರಿಂಗ್ ಬಿಗಿಯಾಗುತ್ತದೆ, ತಾನಾಗಿ ನೇರಕ್ಕೆ ಮರಳುವುದಿಲ್ಲ. ಅದನ್ನೂ ಪರಿಶೀಲಿಸಬೇಕು.

ಎರಡನೆಯದಾಗಿ ಸಡಿಲ ಭಾಗಗಳ ಶೋಧ. ಜೀಪು ಸಮತಟ್ಟಾದ ನೆಲದ ಮೇಲೆ ತನ್ನ ಭಾರದಲ್ಲೇ ನಿಂತಿರಲಿ, ಹ್ಯಾಂಡ್‌ಬ್ರೇಕ್ ಹಾಕಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿರಲಿ. ಒಬ್ಬರು ಒಳಗೆ ಕುಳಿತು ಸ್ಟೀರಿಂಗನ್ನು ಗಡಿಯಾರದ ಹನ್ನೊಂದರಿಂದ ಒಂದರವರೆಗೆ ಅತ್ತಿತ್ತ ತಿರುಗಿಸುತ್ತಿರಬೇಕು. ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೀಲನ್ನು ಬೆರಳಿಟ್ಟು ನೋಡಬೇಕು. ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂಡಿರುವ ಬೋಲ್ಟು, ಆ ಭಾಗದಲ್ಲಿ ಚಾಸಿಯ ಬಿರುಕು, ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡುಗಳು, ಸ್ಪ್ರಿಂಗ್ ಬುಷ್, ಶ್ಯಾಕಲ್, ಯು ಬೋಲ್ಟ್ ಇವೆಲ್ಲ ಈ ಪಟ್ಟಿಗೆ ಸೇರುತ್ತವೆ. ಹಳೆಯ ವಿಲೀಸ್ ಮಾದರಿಯ ಜೀಪುಗಳಲ್ಲಿ ನಡುವೆ ಬೆಲ್‌ಕ್ರ್ಯಾಂಕ್ ಇರುತ್ತದೆ. ಅದರ ಸವೆತವೊಂದೇ ಸಾಕು, ಸ್ಟೀರಿಂಗಿನಲ್ಲಿ ಅಂಗೈಯಗಲ ಪ್ಲೇ ಬರಲು.

ಮೂರನೆಯದಾಗಿ ಮುಂದಿನ ಚಕ್ರಗಳನ್ನು ಜಾಕ್‌ನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರದ ಮೇಲ್ಭಾಗ ಮತ್ತು ಕೆಳಭಾಗವನ್ನು ಹಿಡಿದು ಅಲುಗಿಸಬೇಕು. ಅಲುಗಿದರೆ ಅದು ಹಬ್ ಬೇರಿಂಗಿನದೋ ಕಿಂಗ್‌ಪಿನ್ನಿನದೋ ಎಂಬುದನ್ನು ತಿಳಿಯಲು ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಹಬ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಕಿಂಗ್‌ಪಿನ್ ಬೇರಿಂಗಿನ ಬಿಗಿಯನ್ನು ಮುಚ್ಚಳದಡಿಯ ತೆಳು ಶಿಮ್‌ಗಳಿಂದ ಸರಿಪಡಿಸಲಾಗುತ್ತದೆ. ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕ್ ಕಳಚಿ, ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಿ, ಕೈಪಿಡಿಯ ಪ್ರಮಾಣಕ್ಕೆ ಹೊಂದಿಸುವುದು ಸರಿಯಾದ ಕ್ರಮ.

ಮೂಲ ಕಾರಣ: ಕ್ಯಾಸ್ಟರ್ ಕೋನ

ಎಲ್ಲ ಕೀಲುಗಳೂ ಗಟ್ಟಿಯಾಗಿದ್ದು ಅಲೆದಾಟ ಉಳಿದಿದ್ದರೆ ಗಮನ ಕ್ಯಾಸ್ಟರ್ ಕಡೆಗೆ ಹರಿಯಬೇಕು. ಚಕ್ರ ತಿರುಗುವ ಅಕ್ಷ, ಅಂದರೆ ಕಿಂಗ್‌ಪಿನ್ನಿನ ಗೆರೆ, ಬದಿಯಿಂದ ನೋಡಿದಾಗ ನೆಟ್ಟಗಿರದೆ ಅದರ ತಲೆ ತುಸು ಹಿಂದಕ್ಕೆ ವಾಲಿರುತ್ತದೆ. ಈ ವಾಲಿಕೆಯಿಂದಲೇ ತಿರುವಿನ ನಂತರ ಚಕ್ರ ತಾನಾಗಿ ನೇರಕ್ಕೆ ಮರಳುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದೂ ಇದೇ ಕಾರಣಕ್ಕೆ. ವಿಲೀಸ್ ಜೀಪಿನ ಮೂಲ ಕೈಪಿಡಿಯಲ್ಲಿ ಈ ಕೋನ 3 ಡಿಗ್ರಿ.

ಎತ್ತರಿಸಲು ಅಗ್ಗದ ಮಾರ್ಗವೆಂದು ಹಲವರು ಉದ್ದನೆಯ ಶ್ಯಾಕಲ್ ಹಾಕಿಸುತ್ತಾರೆ. ಶ್ಯಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿರುವ ಜೀಪುಗಳಲ್ಲಿ ಇದರಿಂದ ಸ್ಪ್ರಿಂಗಿನ ಮುಂಭಾಗ ಕೆಳಗಿಳಿದು, ಆಕ್ಸಲ್ ಮುಂದಕ್ಕೆ ಹೊರಳಿ, ಕ್ಯಾಸ್ಟರ್ ಕುಗ್ಗುತ್ತದೆ. ಎಷ್ಟು ಎಂಬುದನ್ನು ಲೆಕ್ಕ ಹಾಕಬಹುದು. ಸ್ಪ್ರಿಂಗಿನ ಉದ್ದ ಸುಮಾರು 900 ಮಿ.ಮೀ. ಎಂದಿಟ್ಟುಕೊಳ್ಳಿ. ಶ್ಯಾಕಲ್ 50 ಮಿ.ಮೀ. ಉದ್ದವಾದರೆ ವಾಹನ ಏರುವುದು ಅದರ ಅರ್ಧದಷ್ಟು, ಅಂದರೆ 25 ಮಿ.ಮೀ. ಮಾತ್ರ. ಆದರೆ ಆಕ್ಸಲ್ ಹೊರಳುವುದು ಸುಮಾರು 3 ಡಿಗ್ರಿ! ಒಂದು ಅಂಗುಲದ ಎತ್ತರಕ್ಕಾಗಿ ಕಂಪನಿ ಕೊಟ್ಟ ಕ್ಯಾಸ್ಟರ್ ಪೂರ್ತಿ ಹೋಯಿತೆಂದೇ ಅರ್ಥ. ಶ್ಯಾಕಲ್ ಹಿಂತುದಿಯಲ್ಲಿರುವ ವಾಹನಗಳಲ್ಲಿ ಪರಿಣಾಮ ತಿರುಗುಮುರುಗಾಗಿರುತ್ತದೆ. ಆದ್ದರಿಂದ ಬೇರೆಯವರ ಜೀಪಿಗೆ ಮಾಡಿದ ಪರಿಹಾರವನ್ನು ಕಣ್ಣುಮುಚ್ಚಿ ಅನುಸರಿಸಬಾರದು.

ಕ್ಯಾಸ್ಟರನ್ನು ಅಲೈನ್‌ಮೆಂಟ್ ಕೇಂದ್ರದಲ್ಲಿ ಅಳೆಸುವುದು ಉತ್ತಮ. ಅದಕ್ಕೆ ಮುನ್ನ ಅಂದಾಜು ಬೇಕೆನಿಸಿದರೆ, ಚಕ್ರಗಳನ್ನು ನೇರವಾಗಿಟ್ಟು, ಕಿಂಗ್‌ಪಿನ್ನಿನ ಮೇಲಿನ ಮುಚ್ಚಳದ ಸಮತಟ್ಟಾದ ಭಾಗದಲ್ಲಿ ಕೋನಮಾಪಕವನ್ನು ವಾಹನದ ಉದ್ದಕ್ಕೆ ಇರಿಸಿ ನೋಡಬಹುದು. ಎರಡು ಬದಿಯ ಅಳತೆಯನ್ನೂ ಬರೆದಿಟ್ಟುಕೊಳ್ಳಬೇಕು.

ಕುಗ್ಗಿದ ಕ್ಯಾಸ್ಟರನ್ನು ಮರಳಿ ತರಲು ಸ್ಪ್ರಿಂಗ್ ಮತ್ತು ಆಕ್ಸಲಿನ ಪೀಠದ ನಡುವೆ ಓರೆಯಾದ ಉಕ್ಕಿನ ಬಿಲ್ಲೆ, ಅಂದರೆ ವೆಜ್, ಇಡಲಾಗುತ್ತದೆ. ಇಲ್ಲಿ ದಿಕ್ಕು ಮುಖ್ಯ. ಸ್ಪ್ರಿಂಗ್ ಆಕ್ಸಲಿನ ಕೆಳಗಿರುವ ಜೀಪುಗಳಲ್ಲಿ ಬಿಲ್ಲೆಯ ದಪ್ಪ ಅಂಚು ಮುಂದಕ್ಕಿರಬೇಕು. ಸ್ಪ್ರಿಂಗನ್ನು ಆಕ್ಸಲಿನ ಮೇಲಕ್ಕೆ ವರ್ಗಾಯಿಸಿದ್ದರೆ ದಪ್ಪ ಅಂಚು ಹಿಂದಕ್ಕಿರಬೇಕು. ತಿರುಗಿಸಿ ಹಾಕಿದರೆ ದೋಷ ಇಮ್ಮಡಿಯಾಗುತ್ತದೆ. ಮೆತುವಾದ ಲೋಹದ ಬಿಲ್ಲೆಗಳು ಒಡೆದು ಜಾರುವ ಸಾಧ್ಯತೆ ಇರುವುದರಿಂದ ಉಕ್ಕಿನವನ್ನೇ ಬಳಸಿ, ಸ್ಪ್ರಿಂಗಿನ ನಡುಬೋಲ್ಟಿಗೆ ಸೇರಿಸಿ ಬಿಗಿಯಬೇಕು.

ಬಿಲ್ಲೆಗೂ ಮಿತಿ ಇದೆ. ಆಕ್ಸಲ್ ಹಿಂದಕ್ಕೆ ಹೊರಳಿದಂತೆ ಡಿಫರೆನ್ಷಿಯಲ್‌ನ ಮೂತಿ ಕೆಳಗೆ ಬಾಗುತ್ತದೆ. ಆಗ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಕೀಲಿನ ಕೋನ ಹೆಚ್ಚಿ, ಫೋರ್ ವೀಲ್ ಹಾಕಿದಾಗ ಕಂಪನ ಉಂಟಾಗುತ್ತದೆ. 4 ಡಿಗ್ರಿಗಿಂತ ಹೆಚ್ಚು ತಿದ್ದಬೇಕಾದ ಪರಿಸ್ಥಿತಿ ಬಂದರೆ ಶ್ಯಾಕಲನ್ನು ಮೂಲ ಅಳತೆಗೆ ತಂದು, ಎತ್ತರಕ್ಕೆ ಬೇರೆ ಮಾರ್ಗ ನೋಡುವುದೇ ಲೇಸು.

ಡ್ರ್ಯಾಗ್ ಲಿಂಕ್ ಮತ್ತು ಬಾಕ್ಸಿನ ನಡುಬಿಂದು

ಚಾಸಿ ಮೇಲೇರಿ ಆಕ್ಸಲ್ ಕೆಳಗೇ ಉಳಿದಾಗ ಇವೆರಡನ್ನು ಕೂಡಿಸುವ ಡ್ರ್ಯಾಗ್ ಲಿಂಕ್ ಕಡಿದಾಗಿ ಓರೆಯಾಗುತ್ತದೆ. ಆಗ ಸ್ಪ್ರಿಂಗ್ ಕುಣಿದಾಗಲೆಲ್ಲ ಲಿಂಕ್ ಚಕ್ರವನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಚಾಲಕ ಸ್ಟೀರಿಂಗ್ ಅಲುಗಿಸದಿದ್ದರೂ ಗುಂಡಿ ಬಂದಾಗ ಜೀಪು ದಿಕ್ಕು ಬದಲಿಸುವುದು ಇದರಿಂದಲೇ. ಕೆಳಕ್ಕೆ ಬಾಗಿದ ಪಿಟ್‌ಮನ್ ಆರ್ಮ್ ಅಳವಡಿಸಿ ಲಿಂಕನ್ನು ಆದಷ್ಟು ಮಟ್ಟಕ್ಕೆ ತರುವುದು ಪರಿಹಾರ. ಮೂಲ ಆರ್ಮನ್ನು ಕಾಯಿಸಿ ಬಗ್ಗಿಸುವುದು, ಕತ್ತರಿಸಿ ವೆಲ್ಡಿಂಗ್ ಮಾಡುವುದು ಸರ್ವಥಾ ಸಲ್ಲದು. ಆ ತುಂಡು ಮುರಿದರೆ ಸ್ಟೀರಿಂಗಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಅನೇಕರು ಕಡೆಗಣಿಸುತ್ತಾರೆ. ಸ್ಟೀರಿಂಗ್ ಬಾಕ್ಸಿನ ಹಲ್ಲುಗಳು ನಡುಬಿಂದುವಿನಲ್ಲಿ ಅತಿ ಬಿಗಿಯಾಗಿಯೂ ಬದಿಗಳಲ್ಲಿ ಸಡಿಲವಾಗಿಯೂ ಇರುವಂತೆ ರಚನೆಗೊಂಡಿರುತ್ತವೆ. ಎತ್ತರಿಸಿದ ಮೇಲೆ ಲಿಂಕ್ ಓರೆಯಾಗಿ, ಚಕ್ರಗಳು ನೇರವಿದ್ದಾಗ ಸ್ಟೀರಿಂಗ್ ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ಆಗ ಕೆಲವರು ಸ್ಟೀರಿಂಗ್ ಚಕ್ರವನ್ನು ಕಳಚಿ ನೇರಕ್ಕೆ ಕೂರಿಸಿಬಿಡುತ್ತಾರೆ. ನೋಡಲು ಸರಿಯಾಯಿತು, ಆದರೆ ಬಾಕ್ಸ್ ತನ್ನ ಸಡಿಲ ಜಾಗದಲ್ಲೇ ಕೆಲಸ ಮಾಡುತ್ತಿರುತ್ತದೆ. ಸರಿಯಾದ ಕ್ರಮವೆಂದರೆ, ಲಿಂಕನ್ನು ಕಳಚಿ, ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಣಿಸಿ ತಿರುಗಿಸಿ, ಅದರ ಅರ್ಧಕ್ಕೆ ನಿಲ್ಲಿಸುವುದು. ಆನಂತರ ಚಕ್ರಗಳನ್ನು ನೇರವಾಗಿಟ್ಟು, ಲಿಂಕಿನ ಉದ್ದವನ್ನು ಅದಕ್ಕೆ ಹೊಂದಿಸಿ ಜೋಡಿಸಬೇಕು. ಎಷ್ಟೋ ಜೀಪುಗಳ ‘ಪ್ಲೇ’ ಇಷ್ಟರಿಂದಲೇ ಇಳಿಯುತ್ತದೆ.

ಬಾಕ್ಸಿನ ಮೇಲಿರುವ ಹೊಂದಾಣಿಕೆ ಸ್ಕ್ರೂ ಮುಟ್ಟುವುದು ಕೊನೆಯ ಕೆಲಸವಾಗಬೇಕು. ಅತಿಯಾಗಿ ಬಿಗಿದರೆ ಹಲ್ಲುಗಳು ಸವೆಯುತ್ತವೆ, ಸ್ಟೀರಿಂಗ್ ತಾನಾಗಿ ಮರಳುವುದು ನಿಲ್ಲುತ್ತದೆ, ಅಲೆದಾಟ ಇನ್ನಷ್ಟು ಹೆಚ್ಚುತ್ತದೆ.

ಟೋ ಅಳತೆ ಮತ್ತು ಹಿಂದಿನ ಆಕ್ಸಲ್

ಮುಂದಿನ ಚಕ್ರಗಳು ಮುಂಭಾಗದಲ್ಲಿ ಹಿಂಭಾಗಕ್ಕಿಂತ ಕೂದಲೆಳೆಯಷ್ಟು ಹತ್ತಿರವಿರಬೇಕು. ಇದಕ್ಕೆ ಟೋ-ಇನ್ ಎನ್ನುತ್ತಾರೆ. ವಿಲೀಸ್ ಕೈಪಿಡಿಯ ಪ್ರಕಾರ ಇದು ಸುಮಾರು 1.2ರಿಂದ 2.4 ಮಿ.ಮೀ. ಟೈರಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಹಬ್‌ನ ಎತ್ತರದಲ್ಲಿ ಮುಂದೊಮ್ಮೆ, ಚಕ್ರವನ್ನು ಅರ್ಧ ಸುತ್ತು ಉರುಳಿಸಿ ಅದೇ ಗೆರೆಯನ್ನು ಹಿಂದೊಮ್ಮೆ ಟೇಪಿನಿಂದ ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ಚಕ್ರಗಳು ಹೊರಮುಖವಾಗಿದ್ದರೆ ಜೀಪು ರಸ್ತೆಯ ಪ್ರತಿ ಗೆರೆಯನ್ನೂ ಹಿಂಬಾಲಿಸುತ್ತದೆ. ಕ್ಯಾಸ್ಟರ್ ತಿದ್ದಿದ ನಂತರವೇ ಟೋ ಹೊಂದಿಸಬೇಕು.

ಅಲೆದಾಟಕ್ಕೆ ಹಿಂದಿನ ಆಕ್ಸಲ್ ಕಾರಣವಾಗುವುದೂ ಉಂಟು. ಹಿಂದಿನ ಬುಷ್ ಸವೆದಿದ್ದರೆ ಅಥವಾ ಯು ಬೋಲ್ಟ್ ಸಡಿಲವಾಗಿದ್ದರೆ ಆಕ್ಸಲ್ ತಾನೇ ತುಸು ತಿರುಗಿ ವಾಹನವನ್ನು ಹಿಂದಿನಿಂದ ನಡೆಸುತ್ತದೆ. ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಎರಡೂ ಬದಿಯಲ್ಲಿ ಅಳೆದು ಸಮನಾಗಿದೆಯೇ ಎಂದು ನೋಡಬೇಕು. ಸ್ಪ್ರಿಂಗ್ ಕೆಲಸ ಮಾಡಿಸಿದ ಬಳಿಕ ಕೆಲವು ನೂರು ಕಿ.ಮೀ. ಓಡಿಸಿ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸುವುದು ಕಡ್ಡಾಯ.

ಹೊಸ ಮಾದರಿಗಳಲ್ಲಿ ಭಿನ್ನತೆ

ಮೇಲಿನ ವಿವರ ಮುಖ್ಯವಾಗಿ ಮಹೀಂದ್ರ ಹಳೆಯ ಜೀಪುಗಳು ಹಾಗೂ ಮಾರುತಿ ಜಿಪ್ಸಿಯಂತಹ, ಮುಂದೆ ಗಟ್ಟಿ ಆಕ್ಸಲ್ ಮತ್ತು ಪಟ್ಟಿ ಸ್ಪ್ರಿಂಗ್ ಇರುವ ವಾಹನಗಳಿಗೆ ಅನ್ವಯಿಸುತ್ತದೆ. 2010ರಲ್ಲಿ ಬಂದ ಮಹೀಂದ್ರ ಥಾರ್ ಮತ್ತು 2020ರ ಹೊಸ ಥಾರ್ ಎರಡರಲ್ಲಿಯೂ ಮುಂದಿನ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ಇದೆ. ಇವುಗಳಲ್ಲಿ ಎತ್ತರ ಬದಲಾದರೆ ಕ್ಯಾಸ್ಟರ್ ಮಾತ್ರವಲ್ಲದೆ ಕ್ಯಾಂಬರ್ ಮತ್ತು ಟೋ ಕೂಡ ಬದಲಾಗುವುದರಿಂದ ಅಲೈನ್‌ಮೆಂಟ್ ಯಂತ್ರವಿಲ್ಲದೆ ಸರಿಪಡಿಸಲಾಗದು.

2023ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಯಲ್ಲಿ ಗಟ್ಟಿ ಆಕ್ಸಲ್ ಇದ್ದರೂ ಕಾಯಿಲ್ ಸ್ಪ್ರಿಂಗ್ ಬಳಕೆಯಾಗಿದೆ. ಆಕ್ಸಲನ್ನು ಅಡ್ಡಡ್ಡ ಹಿಡಿದಿಡುವುದು ಪ್ಯಾನ್‌ಹಾರ್ಡ್ ರಾಡ್. ಎತ್ತರಿಸಿದಾಗ ಈ ರಾಡ್ ಆಕ್ಸಲನ್ನು ಒಂದು ಬದಿಗೆ ಸರಿಸುತ್ತದೆ. ಡ್ರ್ಯಾಗ್ ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಒಂದನ್ನು ಮಾತ್ರ ಬದಲಿಸಿದರೆ ತೊಂದರೆ ಹೆಚ್ಚುತ್ತದೆ. ಕ್ಯಾಸ್ಟರ್ ತಿದ್ದಲು ಇದರಲ್ಲಿ ರಂಧ್ರ ನಡುವಿನಿಂದ ಸರಿದಿರುವ ವಿಶೇಷ ಬುಷ್‌ಗಳು ಬೇಕಾಗುತ್ತವೆ.

ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಡ್ಯಾಂಪರ್ ಹೊಡೆತವನ್ನು ಮೆತ್ತಗೆ ಮಾಡುತ್ತದೆಯೇ ಹೊರತು ಕೋನವನ್ನು ತಿದ್ದುವುದಿಲ್ಲ. ಸವೆದ ಕೀಲನ್ನು ಅದು ಕೆಲಕಾಲ ಮರೆಮಾಚುವುದರಿಂದ ಅಪಾಯವೇ ಹೆಚ್ಚು.

ಕಾನೂನಿನ ಎಚ್ಚರಿಕೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿವರಗಳಿಂದ ಭಿನ್ನವಾಗುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅಪಘಾತವಾದಲ್ಲಿ ವಿಮೆಯ ಪರಿಹಾರಕ್ಕೂ ಮಾರ್ಪಾಡು ತೊಡಕಾಗಬಹುದು. ಎತ್ತರಿಸುವ ಮುನ್ನ ಸಾರಿಗೆ ಕಚೇರಿ ಮತ್ತು ವಿಮಾ ಸಂಸ್ಥೆಯಲ್ಲಿ ವಿಚಾರಿಸುವುದು ಸೂಕ್ತ. ಈಗಾಗಲೇ ಎತ್ತರಿಸಿರುವ ವಾಹನವನ್ನು ಮೂಲ ಎತ್ತರಕ್ಕೆ ಇಳಿಸುವುದು ಅಲೆದಾಟಕ್ಕೆ ಅತ್ಯಂತ ಖಚಿತವಾದ ಪರಿಹಾರ ಎಂಬುದನ್ನೂ ಮರೆಯಬಾರದು.

ದುರಸ್ತಿಯ ಬಳಿಕ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಅಳತೆಯನ್ನು ಬರೆದಿಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಮೊದಲು 30, ಆಮೇಲೆ 50 ಕಿ.ಮೀ. ವೇಗದಲ್ಲಿ ಪರೀಕ್ಷಿಸಬೇಕು. ತಿರುವಿನಿಂದ ಹೊರಬರುವಾಗ ಹಿಡಿತ ಸಡಿಲಿಸಿದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಬೇಕು; ನೇರ ದಾರಿಯಲ್ಲಿ ಬೆರಳ ತುದಿಯ ಹಿಡಿತ ಸಾಕಾಗಬೇಕು. ಇವೆರಡೂ ಸಾಧ್ಯವಾಗುವವರೆಗೆ ಅಂಥ ಜೀಪನ್ನು ಹೆದ್ದಾರಿಗೆ ತರದಿರುವುದೇ ಕ್ಷೇಮ.