ಗ್ರಾಮ ನಕ್ಷೆಯಲ್ಲಿ ಇಲ್ಲದ ಹಳ್ಳ

ಹೋದ ವಾರ ಕೆರೆ ಏರಿ ಮೇಲೆ ಜಗಳ ಆಯ್ತಲ್ಲ, ಅದಕ್ಕೇ ಇದನ್ನ ಬರೀತಿದೀನಿ. ಕೆರೆಗೆ ನೀರು ಯಾಕೆ ಬರ್ತಿಲ್ಲ ಅಂತ ಎಲ್ಲರೂ ಗ್ರಾಮ ನಕ್ಷೆ ಹಿಡ್ಕೊಂಡೇ ವಾದ ಮಾಡಿದ್ರಿ. ಆ ನಕ್ಷೆ ಕಂದಾಯಕ್ಕೆ ಮಾಡಿದ್ದು. ಸರಪಳಿ ಎಳೆದು ಉದ್ದ ಅಗಲ ಅಳೆದ್ರು, 33 ಅಡಿಗೆ 33 ಅಡಿ ಒಂದು ಗುಂಟೆ. ಹಳ್ಳ ಖರಾಬು ಅಂತ ಬಿಟ್ಟಿದ್ರೆ ಗೆರೆ ಇರುತ್ತೆ, ಸಣ್ಣಪುಟ್ಟದ್ದು ಇರಲ್ಲ. ಎತ್ತರ ತಗ್ಗು ಅಂತೂ ಅದರಲ್ಲಿ ಸಿಗೋದೇ ಇಲ್ಲ.

ಅದಕ್ಕೆ ಬೇರೆ ನಕ್ಷೆ ಇದೆ. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್. ಅದರ ಕೆಲಸ ಶುರುವಾಗಿದ್ದು ನಮ್ಮ ನಾಡಲ್ಲೇ. ಟಿಪ್ಪು ಸತ್ತಿದ್ದು 1799ರಲ್ಲಿ. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಅನ್ನೋ ಅಧಿಕಾರಿ ಮರುವರ್ಷವೇ ಬೆಂಗಳೂರಿನ ಹತ್ತಿರ ಸುಮಾರು ಏಳೂವರೆ ಮೈಲಿ ನೇರ ಗೆರೆ ಅಳೆದ. ನೂರಡಿ ಉಕ್ಕಿನ ಸರಪಳಿ ಅದು. ಚೀನಾದ ಚಕ್ರವರ್ತಿಗೆ ಕಾಣಿಕೆ ಅಂತ ತಗೊಂಡು ಹೋಗಿದ್ದು, ಅವನು ಬೇಡ ಅಂದ, ಕೈ ಬದಲಾಗಿ ಇಲ್ಲಿಗೆ ಬಂತು! 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಹತ್ತಿರ ಮತ್ತೊಂದು ಗೆರೆ ಅಳೆದು ದೊಡ್ಡ ಸರ್ವೆ ಶುರು ಮಾಡಿದ. ಲೆಕ್ಕ ಇಷ್ಟೇ: ಒಂದು ಗೆರೆ ಸರಿಯಾಗಿ ಅಳೆದು, ಅದರ ಎರಡೂ ತುದಿಯಿಂದ ದೂರದ ಬೆಟ್ಟಕ್ಕೆ ಕೋನ ಹಿಡಿದ್ರೆ ಸಾಕು, ಬೆಟ್ಟದ ದೂರ ನಡೀದೇನೇ ಗೊತ್ತಾಗುತ್ತೆ. ಆ ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ, ಹೀಗೇ. ಕೋನ ಹಿಡಿಯೋ ಥಿಯೋಡೊಲೈಟ್ ಅರ್ಧ ಟನ್ ತೂಕ. 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಹಗ್ಗ ಕಟ್ಟಿ ಎಳೆಯುವಾಗ ಗೋಡೆಗೆ ಬಡಿದು ಹಾಳಾಯ್ತು. ಲ್ಯಾಂಬ್ಟನ್ ತಾನೇ ಕೂತು ರಿಪೇರಿ ಮಾಡಿದ.

ಎತ್ತರ ಎಲ್ಲಿಂದ ಎಣಿಸೋದು? ಸಮುದ್ರದ ಸರಾಸರಿ ಮಟ್ಟದಿಂದ. ಅದಕ್ಕೆ ಬಂದರುಗಳಲ್ಲಿ ಸಮುದ್ರದ ಉಬ್ಬರವಿಳಿತ ಅಳೆದ್ರು, ನಮ್ಮ ಕಾರವಾರವೂ ಅದರಲ್ಲಿ ಒಂದು. ರೈಲ್ವೆ ಸ್ಟೇಷನ್ ಬೋರ್ಡಲ್ಲಿ ಎಂ.ಎಸ್.ಎಲ್. ಅಂತ ಇರುತ್ತಲ್ಲ, ಅದೇ.

ನಾನು ಓದೋಕೆ ಕೂತಾಗ ಎರಡು ಸಲ ಎಡವಿದೆ. ಮೊಬೈಲಲ್ಲಿ 13.25 ಅಂತ ಬಂತು, ಶೀಟಲ್ಲಿ 13 ಡಿಗ್ರಿ 25 ನಿಮಿಷದಲ್ಲಿ ಊರು ಹುಡುಕಿದೆ. ಅದು ತಪ್ಪು. ಕಾಲು ಡಿಗ್ರಿ ಅಂದ್ರೆ 15 ನಿಮಿಷ. ಹತ್ತು ನಿಮಿಷದ ತಪ್ಪಿಗೆ ಹದಿನೆಂಟು ಕಿಲೋಮೀಟರ್ ಆಚೆ ಹೋಗಿದ್ದೆ. ಇನ್ನೊಂದು, ಕಂದು ಗೆರೆಗಳು. ಒಂದೇ ಎತ್ತರದ ಜಾಗ ಸೇರಿಸೋ ಗೆರೆ ಅವು. ಹತ್ತಿರ ಹತ್ತಿರ ಇದ್ರೆ ಕಡಿದಾದ ಇಳಿಜಾರು. ಹಳ್ಳ ದಾಟುವಾಗ ವಿ ಆಕಾರಕ್ಕೆ ಬಾಗ್ತವೆ, ಅದರ ಚೂಪು ಮೇಲ್ಗಡೆ ತೋರ್ಸುತ್ತೆ. ನಾನು ಉಲ್ಟಾ ಓದಿ ಹಳ್ಳವನ್ನ ದಿಣ್ಣೆ ಅನ್ಕೊಂಡಿದ್ದೆ.

ಒಂದು ಎಚ್ಚರಿಕೆ. 50,000ಕ್ಕೆ ಒಂದರ ಶೀಟಲ್ಲಿ ಗೆರೆಯಿಂದ ಗೆರೆಗೆ ಸಾಮಾನ್ಯವಾಗಿ 20 ಮೀಟರ್ ಅಂತರ. ನಮ್ಮ ಅರ್ಧ ಊರು ಎರಡು ಗೆರೆ ಮಧ್ಯ ಬರುತ್ತೆ. ಅದನ್ನ ನಂಬಿ ಬದು ಹಾಕಕ್ಕೆ ಹೋಗ್ಬೇಡಿ, ನೀರಿನ ಪೈಪ್ ಲೆವೆಲ್ಲೇ ಬೇಕು. ಇದೇ ಶೀಟ್ ತೋರ್ಸಿ ಯಾರದ್ದಾದ್ರೂ ಹದ್ದು ಕೇಳೋಕೂ ಬರಲ್ಲ, ಅದರಲ್ಲಿ ಸರ್ವೆ ನಂಬರೇ ಇಲ್ಲ.

ಆದ್ರೆ ಹಳೇ ಶೀಟಲ್ಲಿ ಕೆರೆ ಮೇಲ್ಗಡೆ ಒಂದು ಸಣ್ಣ ನೀಲಿ ಗೆರೆ ಇದೆ. ಗುಡ್ಡದಿಂದ ಇಳಿದು ನನ್ನ ಅಡಿಕೆ ತೋಟದ ಮಧ್ಯೆ ಹಾದು ಕೆರೆಗೆ ಸೇರುತ್ತೆ. ಆ ತಗ್ಗಿಗೆ ನಮ್ಮಪ್ಪ ಗಾಡಿಲಿ ಮಣ್ಣು ಹೊಡೆದು ಸಮ ಮಾಡಿದ್ದನ್ನ ಚಿಕ್ಕವನಿದ್ದಾಗ ನಾನೇ ನೋಡಿದೀನಿ. ಜಗಳದ ದಿನ ಬಾಯಿ ಬಿಡಲಿಲ್ಲ.

ಭಾನುವಾರ ಬೆಳಗ್ಗೆ ಏಳಕ್ಕೆ ಪೈಪ್ ಲೆವೆಲ್ ಹಿಡ್ಕೊಂಡು ನನ್ನ ತೋಟದಿಂದಲೇ ಶುರು ಮಾಡ್ತೀನಿ. ಪೈಪಿನ ಇನ್ನೊಂದು ತುದಿ ಹಿಡಿಯೋಕೆ ಯಾರಾದ್ರೂ ಬನ್ನಿ.