ಮೆಡ್ಟ್ನರ್ ಸೊಸೈಟಿ

ರಷ್ಯಾದ ಸಂಯೋಜಕ ನಿಕೊಲಾಯ್ ಮೆಡ್ಟ್ನರ್ (1880–1951) ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ (1919–1974) ನೆರವಿನಿಂದ ಲಂಡನ್ನಿನಲ್ಲಿ ನಡೆದ ಸಂಸ್ಥೆ. ರೊಮ್ಯಾಂಟಿಕ್ ಪಿಯಾನೊ ಪರಂಪರೆಯ ಕೊನೆಯ ದೊಡ್ಡ ಹೆಸರುಗಳಲ್ಲೊಂದು ಹೀಗೆ ಮೈಸೂರು ಅರಮನೆಯೊಡನೆ ಸೇರಿಕೊಂಡಿದೆ.

ಈ ಪರಂಪರೆಗೆ ಹಳ್ಳಿಯ ಕುಣಿತವನ್ನು ತಂದವರು ಪೋಲೆಂಡಿನ ಫ್ರೆಡೆರಿಕ್ ಶೋಪಾನ್ (1810–1849). ಮಜೂರ್, ಕುಯಾವಿಯಾಕ್, ಒಬೆರೆಕ್ ಎಂಬ ಜನಪದ ನೃತ್ಯಗಳ ಜಾಡಿನಲ್ಲಿ ಅವರು ಐವತ್ತಕ್ಕೂ ಹೆಚ್ಚು ಮಜೂರ್ಕಾಗಳನ್ನು ಬರೆದರು. ಲಯ ಮೂರೆಣಿಕೆಯದು, ಆದರೆ ಒತ್ತು ಮೊದಲ ಎಣಿಕೆಯಲ್ಲಿ ನಿಲ್ಲದೆ ಆಗಾಗ ಎರಡನೆಯದಕ್ಕೋ ಮೂರನೆಯದಕ್ಕೋ ಜಾರುತ್ತದೆ. ಕೆಲವೆಡೆ ಎಡಗೈ ಷಡ್ಜ-ಪಂಚಮಗಳನ್ನು ಶ್ರುತಿಯಂತೆ ಹಿಡಿದಿರುತ್ತದೆ. ಮೇಲೆ ಏರಿಸಿದ ಮಧ್ಯಮ ಬಂದಾಗ, ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಕಲ್ಯಾಣಿಯ ನೆನಪಾಗದೆ ಇರದು.

ಮೆಡ್ಟ್ನರ್ ನೃತ್ಯದ ಬದಲು ಜನಪದ ಕಥೆಯನ್ನು ಹಿಡಿದರು. ಅವರ ‘ಸ್ಕಾಜ್ಕಿ’ಗಳು ಪಿಯಾನೊ ಒಂದೇ ಹೇಳುವ ಪುಟ್ಟ ಕಥೆಗಳು, ಅವುಗಳಲ್ಲಿ ಆರರ ಒಂದು ಗುಚ್ಛವನ್ನು ಸಿಂಡರೆಲಾಗೂ ರಷ್ಯನ್ ಕಥೆಗಳ ಪೆದ್ದ ಇವಾನನಿಗೂ ಅರ್ಪಿಸಿದ್ದಾರೆ. ಹೊಸ ಅಲೆಯ ಸಂಗೀತ ಅವರಿಗೆ ಒಗ್ಗಲಿಲ್ಲ. 1921ರಲ್ಲಿ ರಷ್ಯಾ ಬಿಟ್ಟು 1935ರಲ್ಲಿ ಲಂಡನ್ನಿನಲ್ಲಿ ನೆಲೆಸಿದರು. ಎರಡನೆಯ ಮಹಾಯುದ್ಧ ಬಂದು ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು.

ಒಡೆಯರ್ ಅವರಿಗೆ ಪಿಯಾನೊ ಬರೀ ಅರಸು ಹವ್ಯಾಸವಾಗಿರಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. 1939ರ ಯೂರೋಪ್ ಪ್ರವಾಸದಲ್ಲಿ ರಷ್ಯಾದ ಸಂಯೋಜಕ, ಪಿಯಾನೊ ವಾದಕ ರಾಖ್ಮನಿನೊವ್ ಅವರನ್ನು ಸ್ವಿಟ್ಜರ್ಲೆಂಡಿನಲ್ಲಿ ಭೇಟಿಯಾಗಿದ್ದರು. ಕಛೇರಿಯ ಪಿಯಾನೊ ವಾದಕನಾಗುವ ಆಸೆಯಿತ್ತು. 1940ರಲ್ಲಿ ಮೊದಲು ತಂದೆ ಕಂಠೀರವ ನರಸಿಂಹರಾಜ ಒಡೆಯರ್, ಆಮೇಲೆ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲೇ ಸಿಂಹಾಸನ ಏರಬೇಕಾಯಿತು. ತಾವು ವೇದಿಕೆಯಲ್ಲಿ ನುಡಿಸಲಾಗದ ಸಂಗೀತಕ್ಕೆ ಅವರು ಆಶ್ರಯದಾತರಾದರು.

ಎಚ್‌ಎಂವಿ ಕಂಪನಿಯ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಕೆಲವು ವಾರ ಉಳಿದಾಗ ಅರಮನೆಯ ಅಗಾಧ ರೆಕಾರ್ಡ್ ಸಂಗ್ರಹವನ್ನೂ ಹಲವು ಗ್ರ್ಯಾಂಡ್ ಪಿಯಾನೊಗಳನ್ನೂ ಕಂಡರು. ಮೆಡ್ಟ್ನರ್ ಧ್ವನಿಮುದ್ರಣಗಳ ವೆಚ್ಚವಲ್ಲದೆ, ಲಂಡನ್ನಿನ ಫಿಲ್ಹಾರ್ಮೋನಿಯ ಆರ್ಕೆಸ್ಟ್ರಾಕ್ಕೆ ಮೂರು ವರ್ಷ ತಲಾ 10,000 ಪೌಂಡ್ ಕೊಡಲು ಮಹಾರಾಜರು ಒಪ್ಪಿದ್ದು ಆಗಲೇ.

1947ರಲ್ಲಿ ಮೂರು ಪಿಯಾನೊ ಕಾನ್ಸರ್ಟೊಗಳ ಧ್ವನಿಮುದ್ರಣ ನಡೆಯಿತು. ವಯಸ್ಸಾದ ಮೆಡ್ಟ್ನರ್ ಅನಾರೋಗ್ಯದ ನಡುವೆಯೂ ಏಕಾಂಗಿ ಪಿಯಾನೊ ರಚನೆಗಳು, ಪಂಚವಾದ್ಯ ಕೃತಿ, ಹಾಡುಗಳು ಎಂದು 1950ರವರೆಗೂ ನುಡಿಸಿದರು. ಹಾಡಿದವರಲ್ಲಿ ಎಲಿಸಬೆತ್ ಶ್ವಾರ್ಟ್ಸ್‌ಕೋಫ್ ಕೂಡ ಇದ್ದರು. ಮೂರನೆಯ ಕಾನ್ಸರ್ಟೊವನ್ನು ಮೆಡ್ಟ್ನರ್ ಅರ್ಪಿಸಿದ್ದು ಮೈಸೂರು ಮಹಾರಾಜರಿಗೆ.

ಶ್ರೀವಿದ್ಯಾ ಮುದ್ರೆಯ 94 ಕೃತಿಗಳ ವಾಗ್ಗೇಯಕಾರರಾಗಿ ಒಡೆಯರ್ ಅವರನ್ನು ಮೈಸೂರು ಚೆನ್ನಾಗಿ ಬಲ್ಲದು. ಪಿಯಾನೊ ಲೋಕಕ್ಕೆ ಅದೇ ವ್ಯಕ್ತಿ ಕೊಟ್ಟ ಈ ಧ್ವನಿಮುದ್ರಣಗಳು ಈಗ ಸಿಡಿಯಲ್ಲೂ ಬಂದಿವೆ. ಮೈಸೂರಿನ ಸಂಗೀತ ಚರಿತ್ರೆ ಬರೆಯುವವರು ಅವನ್ನೂ ಕೇಳಬೇಕು.