ಡಂಗುರ ಸಾರಿದವನಿಗೆ ಸಭೆಯಲ್ಲಿ ಜಾಗ

ಹಳೆ ಮೈಸೂರಿನ ಹಳ್ಳಿಗಳಿಗೆ ಸರ್ಕಾರದ ಮಾತು ಮುಟ್ಟುತ್ತಿದ್ದುದು ತಮಟೆಯ ಸದ್ದಿನ ಜೊತೆ. ಅಮಲ್ದಾರರ ಕಚೇರಿಯಿಂದ ಹುಕುಂ ಬಂದರೆ ಶಾನುಭೋಗರು ಓದಿ ಹೇಳುತ್ತಿದ್ದರು, ಪಟೇಲರು ಅಪ್ಪಣೆ ಕೊಡುತ್ತಿದ್ದರು, ತೋಟಿ ಕೇರಿ ಕೇರಿ ಸುತ್ತಿ ಸಾರುತ್ತಿದ್ದ. ಕಂದಾಯದ ಗಡುವು, ಬಾಕಿದಾರನ ಜಮೀನಿನ ಹರಾಜು, ಸಾಹೇಬರ ಮೊಕ್ಕಾಂ: ಕೇಳಿಸಿಕೊಂಡವರು ಪಾಲಿಸಬೇಕಿತ್ತು, ಅಷ್ಟೇ. ಅಭಿಪ್ರಾಯ ಕೇಳುವ ವೇದಿಕೆಯಾಗಿ 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಹುಟ್ಟಿತಾದರೂ ಅಲ್ಲಿಗೆ ಕರೆ ಹೋದದ್ದು ಜಮೀನ್ದಾರರಿಗೆ, ವರ್ತಕರಿಗೆ. ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದ ತೋಟಿ ಊರ ಚಾವಡಿಯ ಜಗಲಿಯನ್ನೂ ಹತ್ತುವಂತಿರಲಿಲ್ಲ.

ಸರ್ಕಾರ ಹೇಳುವುದು, ಜನ ಕೇಳುವುದು ಎಂಬ ಈ ಸಂಬಂಧವನ್ನು ಕಾನೂನು ತಿರುಗಿಸಿತು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ಬಂದ 1983ರ ಪಂಚಾಯಿತಿ ಕಾಯ್ದೆ, ಆಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಗೆ ಅಧಿಕಾರ ಕೊಟ್ಟವು. ಮುಂದಿನ ತಿದ್ದುಪಡಿಗಳು ವಾರ್ಡ್ ಸಭೆಯನ್ನೂ ಸೇರಿಸಿದವು. ಆದರೆ ಸಾರುವ ರೀತಿ ಮಾತ್ರ ಹುಕುಮಿನ ಕಾಲದ್ದೇ ಉಳಿಯಿತು ಎಂಬುದು ನನ್ನ ವಾದ. 'ನಾಳೆ ಹತ್ತು ಗಂಟೆಗೆ ಶಾಲೆ ಹತ್ತಿರ ಗ್ರಾಮಸಭೆ, ಎಲ್ಲರೂ ಬರಬೇಕು' ಎಂಬ ಕೂಗಿನಲ್ಲಿ ದಿನವಿದೆ, ಜಾಗವಿದೆ. ಅಂದು ತೀರ್ಮಾನವಾಗುವುದೇನು ಎಂಬುದಿಲ್ಲ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಓದುವುದು ಅಲ್ಲೇ, ಯಾವ ಬೀದಿಗೆ ಚರಂಡಿ ಎಂದು ಗೊತ್ತಾಗುವುದೂ ಅಲ್ಲೇ. ಇದನ್ನು ಹೇಳದೆ, ಒಂದು ದಿನದ ಕೂಲಿ ಬಿಟ್ಟು ಬಾ ಎಂದು ಕರೆಯುವುದು ಅನ್ಯಾಯ. ಕರೆದರೂ ಜನ ಬರುವುದಿಲ್ಲ, ಕೋರಂ ತುಂಬುವುದಿಲ್ಲ ಎಂದು ಪಂಚಾಯಿತಿಯವರು ಹೇಳುವುದುಂಟು. ಆ ದೂರಿನಲ್ಲಿ ಹುರುಳಿದೆ, ನಿರಾಸಕ್ತಿಯೂ ಇದೆ. ಆದರೆ ಮನೆ ಪಟ್ಟಿಯ ಸುದ್ದಿ ಮೊದಲೇ ತಿಳಿದ ಕಡೆ ಗದ್ದಲವೇಳುವಷ್ಟು ಜನ ಸೇರುತ್ತಾರೆ. ಗೈರುಹಾಜರಿಗೆಲ್ಲ ಉದಾಸೀನವೇ ಕಾರಣವೆನ್ನಲಾಗದು.

ಓದು ಬಾರದವರಿಗೆ ನೋಟಿಸ್ ಬೋರ್ಡಿಗಿಂತ ಡಂಗುರವೇ ಲೇಸಲ್ಲವೇ ಎಂಬ ಪ್ರಶ್ನೆಯೂ ಇದೆ. ಕಿವಿಗೆ ಮುಟ್ಟುವ ಮಟ್ಟಿಗೆ ಹೌದು. ಆದರೆ 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ ಮೇಲೂ ಎಷ್ಟೋ ಊರುಗಳಲ್ಲಿ ತಮಟೆ ಹಿಂದೆ ತೋಟಿಗಳಾಗಿದ್ದ ಅದೇ ದಲಿತ ಜಾತಿಯವರ ಹೆಗಲ ಮೇಲಿತ್ತು; ಬಿಟ್ಟಿ ಚಾಕರಿಯ ವಿರುದ್ಧ ದಲಿತ ಚಳವಳಿ ದನಿಯೆತ್ತಿದ್ದು ಸರಿಯಾಗಿಯೇ ಇತ್ತು. ಈಗ ಆಟೋಗೆ ಕಟ್ಟಿದ ಮೈಕು ಆ ಹೊರೆಯನ್ನು ಇಳಿಸಿದೆ. ವಾಟ್ಸಾಪ್ ಇನ್ನೂ ಬೇಗ ಮುಟ್ಟುತ್ತದೆ, ಆದರೆ ಮನೆಯ ಫೋನು ಗಂಡಸಿನ ಜೇಬಿನಲ್ಲಿದ್ದರೆ ಹೆಂಗಸಿಗೆ ಮುಟ್ಟುವುದಿಲ್ಲ. ಹಾಗಾಗಿ ಮೈಕು ಇರಲಿ. ಆ ಮೈಕಿನಲ್ಲಿ ದಿನ, ಗಂಟೆಯ ಜೊತೆಗೆ ಯಾವ ಪಟ್ಟಿ, ಯಾವ ಕಾಮಗಾರಿ, ಎಷ್ಟು ಹಣ ಎಂಬುದನ್ನೂ ಸಭೆಗೆ ವಾರ ಮೊದಲೇ, ಎಲ್ಲ ಕೇರಿಗಳಲ್ಲೂ ಕೂಗಿಸಲಿ.